ತೂತಿನ ರಟ್ಟು ಹಿಡಿದ ಸಾರ್

ನಮ್ಮ ಸಾರ್ ಎದೆಯ ಮೇಲೆ ಒಂದರ ಪಕ್ಕ ಒಂದು ಸಣ್ಣ ಸಣ್ಣ ಬಿಳಿ ಗೀರುಗಳಿದ್ದವು. ಕೊಯಮತ್ತೂರಿನ ಬೇಸಿಗೆಯಲ್ಲೂ ಅವರು ಕತ್ತಿನ ಗುಂಡಿ ಬಿಚ್ಚುತ್ತಿರಲಿಲ್ಲವಾದ್ದರಿಂದ ಅದನ್ನು ಕಂಡವರು ಕಡಿಮೆ. ನಾನು ಕಂಡದ್ದೂ ಒಂದೇ ಸಲ. ಕರೆಂಟು ಹೋದ ಒಂದು ಮಧ್ಯಾಹ್ನ ಅವರು ಒಳಕೋಣೆಯಲ್ಲಿ ಅಂಗಿ ಬಿಚ್ಚಿ ಕೂತು ರಟ್ಟಿನ ತುಂಡಿನಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದರು. ನಾನು ಬಾಗಿಲು ತಟ್ಟದೆ ನುಗ್ಗಿಬಿಟ್ಟೆ. ಅವರು ಗಡಿಬಿಡಿಯಿಂದ ಅಂಗಿ ಎಳೆದುಕೊಂಡರು. ಕೇಳುವುದಕ್ಕೇನಿತ್ತು? ನನ್ನ ಅಪ್ಪನ ಎದೆಯ ಮೇಲೂ ಚಿಕ್ಕಪ್ಪಂದಿರ ಎದೆಯ ಮೇಲೂ ಅಂಥವೇ ಗೀರುಗಳಿದ್ದವು.

ನಾವು ನೇಯ್ಗೆಯವರು. ಯಾವ ಕಾಲದಲ್ಲೋ ಕನ್ನಡ ಸೀಮೆ ಬಿಟ್ಟು ಬಂದು ಇಲ್ಲೇ ಬೇರು ಬಿಟ್ಟವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ವಿಜಯದಶಮಿಯ ದಿನ ನಮ್ಮ ಕುಲದೇವತೆ ಚೌಡಮ್ಮನನ್ನು ಕೆರೆಯ ಕಡೆಯಿಂದ ಗುಡಿಗೆ ಕರೆತರುವಾಗ ನಮ್ಮ ಗಂಡಸರು "ತೀಸುಕೋ ತಾಯೇ" ಎಂದು ಕೂಗುತ್ತ, ಕತ್ತಿಯಿಂದ ತಮ್ಮ ಎದೆಗೂ ತೋಳಿಗೂ ಹೊಡೆದುಕೊಳ್ಳುತ್ತಾರೆ. ಆ ತೆಲುಗು ಕೂಗಿಗೆ ಸ್ವೀಕರಿಸು ತಾಯಿ ಎಂದು ಅರ್ಥ. ರಕ್ತ ಕಂಡರೆ ತಾಯಿ ಒಲಿದು ಮುಂದೆ ಹೆಜ್ಜೆ ಇಡುತ್ತಾಳೆಂದು ನಂಬಿಕೆ. ಗಾಯಕ್ಕೆ ಅರಿಶಿನದ ಪುಡಿ ಮೆತ್ತಿಕೊಂಡು ಮರುದಿನ ಮತ್ತೆ ಮಗ್ಗಕ್ಕೆ ಕೂರುತ್ತಾರೆ. ಇದಕ್ಕೆ ನಾವು ಕತ್ತಿ ಹಾಕುವುದು ಎನ್ನುತ್ತೇವೆ. ಕತ್ತಿ ಹಾಕದವನನ್ನು ಗಂಡಸರ ಲೆಕ್ಕಕ್ಕೇ ಸೇರಿಸದ ಅಜ್ಜಿಯರು ನಮ್ಮ ಬೀದಿಯಲ್ಲಿದ್ದರು.

ಸಾರ್ ಕೂಡ ಅಂಥ ಬೀದಿಯಿಂದಲೇ ಬಂದವರು. ಅವರಪ್ಪ ಜಕಾರ್ಡ್ ಮಗ್ಗದವರಿಗೆ ಅಟ್ಟೆ ಮಾಡಿಕೊಡುತ್ತಿದ್ದರು. ಸೀರೆಯ ಅಂಚಿನಲ್ಲಿ ಹೂ ಮೂಡಬೇಕಾದರೆ ಮಗ್ಗದ ಮೇಲೆ ತೂತು ಹೊಡೆದ ರಟ್ಟುಗಳ ಸರ ತೂಗುಬಿಡಬೇಕು, ಆ ರಟ್ಟೇ ಅಟ್ಟೆ. ತೂತು ಎಲ್ಲಿದೆಯೋ ಅದರ ಪ್ರಕಾರ ಹೂ. ಮಗ ದೊಡ್ಡ ಓದು ಓದಿ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುವ ಮೇಷ್ಟ್ರಾದರೂ ತೂತು ಹೊಡೆಯುವುದು ತಪ್ಪಲಿಲ್ಲ. ಎಂಬತ್ತರ ದಶಕದ ನಡುವಿನ ಮಾತು ಇದು. ತುಡಿಯಲೂರಿನ ಒಂದು ಮಹಡಿಯ ಮೇಲೆ ಎರಡು ಕೋಣೆ ಹಿಡಿದು, ಸಂಜೆ ಹೊತ್ತು ಅವರು ಜನರ ಸ್ವಭಾವ ಅಳೆಯುತ್ತಿದ್ದರು. ಮನೋವೈದ್ಯರು ಕಳಿಸಿದ ರೋಗಿಗಳು, ಮಿಲ್ಲುಗಳವರು ಕಳಿಸಿದ ನೌಕರರು ಬರುತ್ತಿದ್ದರು. ಅವರ ಮುಂದೆ ಒಂದು ಪ್ರಶ್ನಾವಳಿ ಇಡುವುದು. ಅದರಲ್ಲಿ ಪ್ರಶ್ನೆಗಳಿಗಿಂತ ಹೇಳಿಕೆಗಳೇ ಹೆಚ್ಚು. "ಜನ ನನ್ನ ಬೆನ್ನ ಹಿಂದೆ ಮಾತಾಡುತ್ತಾರೆ." "ಒಬ್ಬನೇ ಇರುವುದು ನನಗೆ ಇಷ್ಟ." ಹೌದು ಅಥವಾ ಅಲ್ಲ ಎಂದು ಗುರುತು ಹಾಕಬೇಕು. ಆಮೇಲೆ ಆ ಹಾಳೆಯ ಮೇಲೆ ತೂತಿನ ರಟ್ಟು ಇಟ್ಟು, ತೂತಿನೊಳಗೆ ಕಂಡ ಗುರುತುಗಳನ್ನು ಎಣಿಸಬೇಕು. ಅನುಮಾನದ ಸ್ವಭಾವಕ್ಕೆ ಒಂದು ರಟ್ಟು, ಒಂಟಿತನಕ್ಕೆ ಒಂದು, ಪರಾವಲಂಬನೆಗೆ ಒಂದು, ಉದ್ವೇಗಕ್ಕೆ ಒಂದು. ಅಪ್ಪನ ಉಳಿ ಮತ್ತು ಸುತ್ತಿಗೆಯಿಂದ ಸಾರ್ ತಾವೇ ಆ ರಟ್ಟುಗಳನ್ನು ಮಾಡಿದ್ದರು. ಅಂಗಡಿಯ ಸಾಮಾನಿಗಿಂತ ಚೆನ್ನಾಗಿದ್ದವು.

ಎಂ.ಎ. ಮುಗಿಸಿದ ಮೇಲೆ ನಾನು ಅವರ ಬಳಿ ಸಹಾಯಕಿಯಾಗಿ ಸೇರಿದೆ. ಕೆಲಸ ಕಲಿಸುವುದರಲ್ಲಿ ಅವರಂಥವರನ್ನು ನಾನು ಮತ್ತೆ ಕಂಡಿಲ್ಲ. ಈ ಮಾತನ್ನು ಹಲ್ಲು ಕಚ್ಚಿಕೊಂಡೇ ಬರೆಯುತ್ತಿದ್ದೇನೆ. ಹೇಳಿಕೆ ಓದುವಾಗ ದನಿ ಏರಬಾರದು, ಇಳಿಯಬಾರದು. ಎದುರಿನವರು "ಇದರ ಅರ್ಥವೇನು?" ಎಂದರೆ ವಿವರಿಸಬಾರದು, "ನಿಮಗೆ ಹೇಗೆ ಅನ್ನಿಸುತ್ತೋ ಹಾಗೆ ಹೇಳಿ" ಎಂದಷ್ಟೇ ಅನ್ನಬೇಕು. ತಲೆಯಾಡಿಸಬಾರದು, ನಗಬಾರದು. ಇಂಗ್ಲಿಷಿನ ಪ್ರಶ್ನಾವಳಿಯನ್ನು ತಮಿಳಿಗೆ ತರಲು ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಒಬ್ಬರು ತಮಿಳಿಗೆ ಮಾಡುವುದು, ಮೂಲ ನೋಡದ ಇನ್ನೊಬ್ಬರಿಂದ ಅದನ್ನು ಮತ್ತೆ ಇಂಗ್ಲಿಷಿಗೆ ಮಾಡಿಸುವುದು, ಎರಡನ್ನೂ ಪಕ್ಕದಲ್ಲಿಟ್ಟು ಎಲ್ಲಿ ಅರ್ಥ ಜಾರಿತೆಂದು ಹುಡುಕುವುದು. ಕಲ್ಲು ಆರಿಸುವ ಹೆಂಗಸಿನ ಹಾಗೆ ಕೂತಿರುತ್ತಿದ್ದರು.

ಅವರದೊಂದು ಮಾತಿತ್ತು. "ಜ್ವರದ ಕಡ್ಡಿ ರೋಗದ ಹೆಸರು ಹೇಳೋದಿಲ್ಲಮ್ಮ." ಸ್ವಭಾವ ಎಲ್ಲರಿಗೂ ಇರುತ್ತದೆ. ಅನುಮಾನ ಎಲ್ಲರಲ್ಲೂ ಇದೆ, ಹಟ ಎಲ್ಲರಲ್ಲೂ ಇದೆ. ಅದು ಹರೆಯದಿಂದಲೂ ಬಂದು, ಮನೆಯಲ್ಲೂ ಕೆಲಸದಲ್ಲೂ ಒಂದೇ ಸಮನೆ ಕಾಡಿ, ಮನುಷ್ಯನ ಬಾಳನ್ನೇ ಕೆಡಿಸಿದಾಗ ಮಾತ್ರ ವ್ಯಾಧಿ ಎನ್ನಬೇಕು. ಅದನ್ನು ರಟ್ಟು ಹೇಳಲಾರದು. "ಅಂಕ ಬಂದ ಮೇಲೆ ನಿನ್ನ ಕೆಲಸ ಶುರು. ಕುರ್ಚಿ ಎಳ್ಕೊಂಡು ಕೂತು ಕೇಳು, ಯಾಕಪ್ಪಾ ಹೌದು ಅಂದೆ ಅಂತ."

ಹಾಗೆ ಅವರು ಕೇಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ದೊಡ್ಡ ಮಿಲ್ಲಿನ ಮನೆತನದ ಒಬ್ಬ ಹುಡುಗಿಯನ್ನು ಅಣ್ಣಂದಿರು ಕರೆತಂದಿದ್ದರು. ಅನುಮಾನದ ರಟ್ಟಿನ ತೂತುಗಳೆಲ್ಲ ಗುರುತಿನಿಂದ ತುಂಬಿಹೋದವು. "ನನ್ನನ್ನು ಯಾರೋ ಹಿಂಬಾಲಿಸುತ್ತಾರೆ", ಹೌದು. "ನನ್ನ ವಿರುದ್ಧ ಸಂಚು ನಡೆದಿದೆ", ಹೌದು. ಅಣ್ಣಂದಿರು ಹೊರಗೆ ಕಾಯುತ್ತಿದ್ದರು, ತಂಗಿಗೆ ಹುಚ್ಚು ಎಂಬ ಮಾತು ಸಾರ್ ಬಾಯಿಂದ ಬಂದರೆ ಅವರಿಗೆ ಅನುಕೂಲವಿತ್ತು. ಸಾರ್ ಕುರ್ಚಿ ಎಳೆದುಕೊಂಡು ಕೂತು, ಯಾಕಮ್ಮ ಹೌದು ಅಂದೆ ಎಂದರು. ಹುಡುಗಿ ಅಳುತ್ತ ಹೇಳಿದಳು. ಅವಳು ಬೇರೆ ಜಾತಿಯ ಹುಡುಗನನ್ನು ಇಷ್ಟಪಟ್ಟಿದ್ದಳು. ಮನೆಯ ಡ್ರೈವರ್ ನಿಜವಾಗಿಯೂ ಹಿಂಬಾಲಿಸುತ್ತಿದ್ದ, ಅಣ್ಣಂದಿರು ನಿಜವಾಗಿಯೂ ಸಂಚು ಮಾಡುತ್ತಿದ್ದರು. ಸಾರ್ ಹೊರಗೆ ಹೋಗಿ ಆ ದೊಡ್ಡ ಮನುಷ್ಯರಿಗೆ, "ನಿಮ್ಮ ತಂಗಿಗೆ ಯಾವ ವ್ಯಾಧಿಯೂ ಇಲ್ಲ. ಅವಳು ಇರೋದನ್ನೇ ಇದೆ ಅಂದಿದ್ದಾಳೆ" ಎಂದು ಹೇಳಿ ಕಳಿಸಿದರು. ಆ ದಿನ ಅವರ ಕಾಲಿಗೆ ಬೀಳಬೇಕೆನ್ನಿಸಿತ್ತು ನನಗೆ.

ಬೀಳದಿದ್ದದ್ದು ಒಳ್ಳೆಯದಾಯಿತು.

ಅದಾದ ಮೇಲೆ ಒಂದು ದೀಪಾವಳಿಗೆ ಮುಂಚೆ ಕುರಿಚಿಯ ಕಬ್ಬಿಣ ಎರಕದ ಫೌಂಡ್ರಿಯೊಂದರಿಂದ ಒಬ್ಬ ಮೋಲ್ಡರ್ ಬಂದ. ಮರಳಿನ ಅಚ್ಚು ಕಟ್ಟುವ ಕೆಲಸದವನು. ಮೂವತ್ತರ ಆಸುಪಾಸು, ಹೊಸದಾಗಿ ಮಗುವಾಗಿತ್ತು. ನಮ್ಮ ಜನವೇ. ಕೈಮಗ್ಗ ಹೊಟ್ಟೆ ತುಂಬಿಸದೆ ಕಬ್ಬಿಣಕ್ಕೆ ಹೋದವನು. ವಿಜಯದಶಮಿಗೆ ರಜ ಕೇಳಿದಾಗ ಮೇಸ್ತ್ರಿ ಕೊಡಲಿಲ್ಲವಂತೆ. ಕೊಡದಿದ್ದರೆ ಹೋಗಲಿ, "ಕತ್ತೀಲಿ ಕುಯ್ಕೊಳ್ಳೋ ಹುಚ್ಚರಿಗೆಲ್ಲ ರಜ ಯಾಕೆ" ಎಂದು ಚೌಡಮ್ಮ ತಾಯಿಯ ಹೆಸರು ಹಿಡಿದು ಬೈದನಂತೆ. ಇವನು ಮೇಸ್ತ್ರಿಯ ಕಾಲರು ಹಿಡಿದ. ಕೆಲಸದಿಂದ ನಿಲ್ಲಿಸಿದರು. ತಲೆ ಸರಿಯಿದೆ ಎಂದು ಮನಶ್ಶಾಸ್ತ್ರದವರಿಂದ ಬರೆಸಿಕೊಂಡು ಬಂದರೆ ಮತ್ತೆ ಸೇರಿಸಿಕೊಳ್ಳುತ್ತೇವೆ ಎಂದು ಮ್ಯಾನೇಜರ್ ಹೇಳಿದ್ದ. ಆ ಕೆಲಸ ಹೋದರೆ ಆ ಮನೆಗೆ ಬೇರೆ ಗತಿಯಿರಲಿಲ್ಲ.

ಅವನಿಗೆ ತಮಿಳು ಓದಲು ಸರಿಯಾಗಿ ಬರುತ್ತಿರಲಿಲ್ಲ. ಕನ್ನಡ ಅಕ್ಷರವಂತೂ ನಮ್ಮಲ್ಲಿ ಯಾರಿಗೂ ಬಾರದು. ಆದ್ದರಿಂದ ನಾನು ತಮಿಳಿನಲ್ಲಿ ಓದಬೇಕು, ಅವನು ಹೇಳಬೇಕು, ಸಾರ್ ಎದುರು ಮೇಜಿನಲ್ಲಿ ಕೂತು ಗುರುತು ಹಾಕಬೇಕು ಎಂದಾಯಿತು. ನಾನು ಏರದ ಇಳಿಯದ ದನಿಯಲ್ಲಿ ಓದಿದೆ. ಅವನು ಕನ್ನಡದಲ್ಲೇ ಉತ್ತರ ಕೊಟ್ಟ, ಹೌದಿಗೆ ಆಮಾ, ಸುಳ್ಳಿಗೆ ಪೊಯ್ ಎನ್ನುವ, ತಮಿಳು ಬೆರೆತ ನಮ್ಮ ಬೀದಿಯ ಕನ್ನಡ.

"ಬೇಕೆಂದೇ ನನ್ನ ಮೈಗೆ ನಾನೇ ಗಾಯ ಮಾಡಿಕೊಂಡಿದ್ದೇನೆ."

ಅವನ ಮುಖ ಅರಳಿತು. "ಆಮಾ ಅಮ್ಮಣಿ! ವರ್ಷಾ ವರ್ಷಾ. ಮೀಸೆ ಬರೋಕೆ ಮುಂಚಿಂದ."

"ಕೆಲವು ವೇಳೆ ನನ್ನದಲ್ಲದ ಒಂದು ಶಕ್ತಿ ನನ್ನ ಮೈಯನ್ನು ಆಡಿಸುತ್ತದೆ."

"ಇಲ್ದಿದ್ರೆ ಆಗತ್ತಾ? ಅಮ್ಮ ಇಳೀದೆ ಕತ್ತಿ ಬೀಳಲ್ಲ."

"ನೋವಾದಾಗ ನನಗೆ ಹಿತವೆನ್ನಿಸುತ್ತದೆ."

ಅವನು ಸ್ವಲ್ಪ ಯೋಚಿಸಿದ. "ಆ ಹೊತ್ತಿಗೆ ಹಿತಾನೇ. ಪೊಯ್ ಯಾಕೆ ಹೇಳ್ಲಿ?"

"ಮನೆಯವರನ್ನು ಕೇಳದೆ ನಾನು ಯಾವ ತೀರ್ಮಾನವನ್ನೂ ಮಾಡಲಾರೆ."

"ದೊಡ್ಡಪ್ಪ ಇದಾರಲ್ಲ ಅಮ್ಮಣಿ. ಅವರನ್ನ ಕೇಳ್ದೆ ಹೆಂಗೆ?"

ಪ್ರತಿ ಉತ್ತರಕ್ಕೂ ಅವನು ನನ್ನ ಕಡೆ ನೋಡದೆ ಸಾರ್ ಕಡೆ ನೋಡುತ್ತಿದ್ದ. ಮೆಚ್ಚುತ್ತಾರೇನೋ ಎಂಬ ಹಾಗೆ. ಸಾರ್ ತಲೆ ತಗ್ಗಿಸಿ ಗುರುತು ಹಾಕುತ್ತಿದ್ದರು. ನನ್ನ ಬಾಯಿಗೆ ಬೀಗ ಬಿದ್ದಿತ್ತು, ವಿವರಿಸಬಾರದೆಂದು ಕಲಿತಿದ್ದೆನಲ್ಲ. ಪರವಾಗಿಲ್ಲ, ರಟ್ಟಿನ ಕೆಲಸ ಮುಗಿದ ಮೇಲೆ ಸಾರ್ ಕುರ್ಚಿ ಎಳೆದುಕೊಳ್ಳುತ್ತಾರೆ, ಯಾಕಪ್ಪಾ ಹೌದು ಅಂದೆ ಎಂದು ಕೇಳುತ್ತಾರೆ, ಅವರಿಗೆ ಗೊತ್ತಿಲ್ಲದ್ದೇ ಎಂದುಕೊಂಡು ಕೂತಿದ್ದೆ.

ಪ್ರಶ್ನಾವಳಿಯಲ್ಲಿ ಸುಳ್ಳು ಹಿಡಿಯುವ ಹೇಳಿಕೆಗಳೂ ಇರುತ್ತವೆ. "ನಾನು ಎಂದೂ ಸುಳ್ಳು ಹೇಳಿಲ್ಲ", "ನನಗೆ ಯಾರ ಮೇಲೂ ಹೊಟ್ಟೆಕಿಚ್ಚಿಲ್ಲ" ಇಂಥವು. ಇವಕ್ಕೆ ಹೌದು ಎನ್ನುವವನು ಒಳ್ಳೆಯವನ ವೇಷ ಹಾಕುತ್ತಿದ್ದಾನೆಂದು ಲೆಕ್ಕ. ಮೋಲ್ಡರ್ ಇವೆಲ್ಲಕ್ಕೂ ನಗುತ್ತ ಅಲ್ಲ ಎಂದ. ಸುಳ್ಳಿನ ರಟ್ಟಿನಲ್ಲಿ ಒಂದು ಗುರುತೂ ಕಾಣಲಿಲ್ಲ. ಅದರ ಅರ್ಥ, ಇವನು ಹೇಳಿದ ಉಳಿದದ್ದೆಲ್ಲ ನಂಬತಕ್ಕದ್ದು ಎಂದು. ಸತ್ಯ ಹೇಳಿ ಸಿಕ್ಕಿಬಿದ್ದವನನ್ನು ನಾನು ಮೊದಲು ನೋಡಿದ್ದು ಆವತ್ತೇ. ಉದ್ವೇಗದ ರಟ್ಟು ಇಟ್ಟರೆ ತೂತುಗಳೆಲ್ಲ ಕಪ್ಪಗಾಗಿದ್ದವು.

ಸಾರ್ ಕುರ್ಚಿ ಎಳೆದುಕೊಳ್ಳಲಿಲ್ಲ. ವರದಿ ಬರೆಯುವ ಕಾಗದ ಎಳೆದುಕೊಂಡರು.

ಮೋಲ್ಡರನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಒಳಗೆ ಬಂದೆ. "ಸಾರ್, ಮಾತಾಡಿಸೋದಿಲ್ವಾ?" ಎಂದು ತಮಿಳಿನಲ್ಲೇ ಕೇಳಿದೆ. ಆ ಕೋಣೆಯಲ್ಲಿ ನಾವಿಬ್ಬರೂ ಎಂದೂ ಕನ್ನಡ ಆಡಿದವರಲ್ಲ. ಅವರು ಆಡಗೊಟ್ಟವರೂ ಅಲ್ಲ.

"ಅಂಕ ಸ್ಪಷ್ಟವಾಗಿದೆ."

"ಅದು ಕತ್ತಿ ಹಾಕೋದು ಸಾರ್. ಅಮ್ಮನ ಸೇವೆ. ನಿಮಗೆ ಗೊತ್ತು."

"ಪ್ರಶ್ನೆಯಲ್ಲಿ ಅಮ್ಮ ಇಲ್ಲ."

ನನಗೆ ರೇಗಿಹೋಯಿತು. "ಮಿಲ್ಲಿನ ಹುಡುಗಿ ಪ್ರಶ್ನೆಯಲ್ಲಿ ಡ್ರೈವರ್ ಇದ್ನಾ ಸಾರ್?" ಎಂದುಬಿಟ್ಟೆ.

ಅವರು ಪೆನ್ನು ಕೆಳಗಿಟ್ಟರು. ಆಗ, ನಾನು ಸೇರಿದಂದಿನಿಂದ ಮೊದಲ ಸಲ, ನಮ್ಮ ಬೀದಿಯ ಕನ್ನಡ ಅವರ ಬಾಯಿಂದ ಬಂತು. "ಇಲ್ಲಿ ನೋಡು. ಅವನೂ ನಮ್ಮೋನು, ನೀನೂ ನಮ್ಮೋಳು, ನಾನೂ ನಮ್ಮೋನು. ಮೂರು ಜನ ಸೇರ್ಕೊಂಡು ಕತ್ತೀಲಿ ಕುಯ್ಕೊಳ್ಳೋದು ಸರಿ ಅಂತ ಬರೆದು ಕೊಟ್ರೆ ಈ ಊರಲ್ಲಿ ಯಾವನು ಬೆಲೆ ಕೊಡ್ತಾನೆ? ಜಾತಿಯವನು ಅಂತ ಬಿಟ್ಟ ಅಂತಾರೆ. ನಾಳೆಯಿಂದ ನಾನು ಬರೆಯೋ ಒಂದು ಕಾಗಿತಾನೂ ನಂಬಲ್ಲ."

"ನಂಬೋದು ಬಿಡೋದು ಅವರ ಪಾಡು. ನಿಜ ಬರೆಯೋದು ನಿಮ್ಮ ಕೆಲಸ ಅಂತ ನೀವೇ ಹೇಳಿಕೊಟ್ರಿ."

"ಮೇಸ್ತ್ರಿ ಮೇಲೆ ಕೈ ಮಾಡಿದಾನಲ್ಲ, ಅದು ಸುಳ್ಳಾ?"

"ತಾಯೀನ ಬೈದ್ರೂ ಕಾಲರ್ ಹಿಡೀದೆ ಸುಮ್ನಿರೋನಿಗೆ ಯಾವ ರಟ್ಟಿದೆ ಸಾರ್? ನಿಮ್ಮ ಎದೆ ಮೇಲಿರೋದಕ್ಕೆ ಎಷ್ಟು ಅಂಕ?"

ಅವರ ಕೈ ತಾನಾಗಿ ಕತ್ತಿನ ಗುಂಡಿಗೆ ಹೋಯಿತು. ಮುಖ ಸುಟ್ಟ ಬದನೆಕಾಯಿಯ ಹಾಗಾಯಿತು. "ಅದು ಬೇರೆ. ನಾನು ಬಿಟ್ಟೆ" ಎಂದರು. ಆಮೇಲೆ ತಮಿಳಿಗೆ ತಿರುಗಿ, "ಹೊರಗೆ ಹೋಗಿ ಅವನಿಗೆ ಟೀ ತರಿಸಿಕೊಡು" ಎಂದರು.

ನಾನು ಟೀ ತರಿಸಲಿಲ್ಲ. ಅವರೇ ತರಿಸಿದರು. ಅವನನ್ನು ಒಳಗೆ ಕೂರಿಸಿಕೊಂಡು, ಮಗುವಿಗೆ ಹೇಳುವಷ್ಟು ಮೃದುವಾಗಿ, ತಮಿಳಿನಲ್ಲಿ ಹೇಳಿದರು. ಇದೊಂದು ಸ್ವಭಾವದ ವ್ಯಾಧಿ, ಕತ್ತಿ ಹಾಕುವುದನ್ನು ಬಿಟ್ಟುಬಿಡು, ನಿಧಾನವಾಗಿ ಸರಿಹೋಗುತ್ತೆ, ಬೆಂಕಿಯ ಕೆಲಸ ನಿನಗೆ ಒಗ್ಗುವುದಿಲ್ಲ ಎಂದೆಲ್ಲ. ಮೋಲ್ಡರ್ ಟೀ ಲೋಟ ಹಿಡಿದುಕೊಂಡು ಕೇಳುತ್ತಿದ್ದ. ಕುಡಿಯಲಿಲ್ಲ. ಮೆಟ್ಟಿಲಿಳಿಯುವಾಗ ನನಗೆ ಹೇಳಿದ, "ಸಾರ್ ನಮ್ಮೋರು ಅಂತ ಬೀದೀಲಿ ಹೇಳಿದ್ರು ಅಮ್ಮಣಿ. ಅದಕ್ಕೇ ಧೈರ್ಯವಾಗಿ ಎಲ್ಲ ಇದ್ದಂಗೆ ಹೇಳ್ದೆ. ಬೇರೆಯೋರಾಗಿದ್ರೆ ಅಮ್ಮನ ವಿಷಯ ಬಾಯಿ ಬಿಡ್ತಿರ್ಲಿಲ್ಲ."

ಸಾರ್ ವರದಿಯಲ್ಲಿ ಉದ್ವೇಗದ, ಅಸ್ಥಿರವಾದ, ತನ್ನನ್ನು ತಾನೇ ಹಿಂಸಿಸಿಕೊಳ್ಳುವ ವ್ಯಕ್ತಿತ್ವ ಎಂದು ಬರೆದಿದ್ದರು. ಕಾದ ಲೋಹದ ಬಳಿ ಕೆಲಸಕ್ಕೆ ತಕ್ಕವನಲ್ಲ ಎಂದೂ ಸೇರಿಸಿದ್ದರು. ನಾನೇ ಒಂದು ಬೇರೆ ಕಾಗದ ಬರೆದು ಫೌಂಡ್ರಿಗೆ ಹೋಗಿ ಮ್ಯಾನೇಜರನಿಗೆ ಕೊಟ್ಟೆ. ಆತ ಅದನ್ನು ಓದಿ, "ಪ್ರೊಫೆಸರಿಗಿಂತ ನೀವು ದೊಡ್ಡವರೇನಮ್ಮ? ನಿಮ್ಮ ಜನವೇ ಅವರೂ, ಅವರೇ ಬರೆದಿದ್ದಾರಲ್ಲ" ಎಂದು ನಕ್ಕ. ಜಾತಿಯವನು ಅಂತ ಬಿಟ್ಟ ಎನ್ನುತ್ತಾರೆಂದು ಸಾರ್ ಹೆದರಿದ್ದರಲ್ಲ, ಜಾತಿಯವನೇ ಬರೆದ ಅಂದಮೇಲೆ ನಿಜವಿರಲೇಬೇಕು ಎಂದಾಯಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಮೋಲ್ಡರ್‌ಗೆ ಕೆಲಸ ಹೋಯಿತು. ಕುರಿಚಿಯ ಕೈಗಾರಿಕಾ ಎಸ್ಟೇಟಿನ ಬೇರೆ ಫೌಂಡ್ರಿಗಳಿಗೂ ಸುದ್ದಿ ಹರಡಿ ಎಲ್ಲೂ ಸೇರಿಸಲಿಲ್ಲ. ಅವನು ಹೆಂಡತಿ ಮಗುವನ್ನು ಕಟ್ಟಿಕೊಂಡು ತಿರುಪ್ಪೂರಿಗೆ ಹೋಗಿ, ಬನಿಯನ್ ಬಟ್ಟೆಗೆ ಬ್ಲೀಚಿಂಗ್ ಹಾಕುವ ಕಡೆ ಸೇರಿದ ಎಂದು ಕೇಳಿದೆ.

ನಾನು ಸಾರ್ ಬಳಿ ಕೆಲಸ ಬಿಟ್ಟೆ. ಅವರು ನನ್ನ ಮೇಲೆ ಕೋಪ ಸಾಧಿಸಲಿಲ್ಲ, ಅದೇ ನನಗೆ ಹೆಚ್ಚು ಉರಿ. ನಾನು ಕೇಳದೆಯೇ ಮೈಸೂರಿನ ತಮ್ಮ ಸ್ನೇಹಿತರಿಗೆ ಬರೆದು, ಅಲ್ಲಿ ನನಗೊಂದು ಕೆಲಸ ಕೊಡಿಸಿದರು. "ಪ್ರಶ್ನೆ ಓದುವುದರಲ್ಲಿ ಇವಳಷ್ಟು ಶುದ್ಧವಾದ ದನಿ ಬೇರೆಯಿಲ್ಲ" ಎಂದು ಬರೆದಿದ್ದರಂತೆ. ನಾನು ಇವತ್ತು ಉಣ್ಣುವ ಅನ್ನ ಆ ಮಾತಿನಿಂದ ಹುಟ್ಟಿದ್ದು. ಬೈಯುವುದಕ್ಕೂ ಪೂರ್ತಿ ಬಾಯಿ ಬರದ ಹಾಗೆ ಮಾಡಿಟ್ಟು ಹೋದರು. ಕನ್ನಡ ಅಕ್ಷರ ಕಲಿತದ್ದೂ ಮೈಸೂರಿನಲ್ಲೇ. ಇದನ್ನು ಕನ್ನಡದಲ್ಲಿ ಬರೆಯಲು ಇನ್ನೊಂದು ಕಾರಣವೂ ಇದೆ, ಸಾರ್ ಮನೆಯವರಿಗೆ ಕನ್ನಡ ಓದಲು ಬರುವುದಿಲ್ಲ. ಅವರ ಹೆಂಡತಿ ನನಗೆ ಎಷ್ಟೋ ಸಲ ಊಟ ಹಾಕಿದ್ದಾರೆ.

ಈಗಲೂ ಅಂಕ ಬಂದ ಮೇಲೆ ನಾನು ಕುರ್ಚಿ ಎಳೆದುಕೊಂಡು ಕೂರುತ್ತೇನೆ, ಯಾಕೆ ಹೌದು ಅಂದಿರಿ ಎಂದು ಕೇಳುತ್ತೇನೆ. ಕಲಿಸಿದವರು ಅವರೇ. ಕೇಳದಿದ್ದರೆ ಏನಾಗುತ್ತದೆಂದು ಕಲಿಸಿದವರೂ ಅವರೇ. ಎರಡನೆಯ ಪಾಠ ನನಗೆ ಚೆನ್ನಾಗಿ ನಾಟಿದೆ.

ಆ ದಶಕ ಮುಗಿಯುವುದಕ್ಕೆ ಮುಂಚೆಯೇ ಸಾರ್ ಹೃದಯಾಘಾತದಿಂದ ತೀರಿಕೊಂಡರು. ಸುದ್ದಿ ಕೇಳಿ ಹೊರಟುಬಂದೆ. ತುಡಿಯಲೂರಿನಿಂದ ಅವರನ್ನು ಹುಟ್ಟಿದ ಬೀದಿಗೇ ತಂದು, ಬಾಗಿಲ ಮುಂದೆ ಬೆಂಚಿನ ಮೇಲೆ ಮಲಗಿಸಿದ್ದರು. ಕಾಲೇಜಿನವರು, ಮಿಲ್ಲಿನವರು ಬಂದು ಹೋಗುತ್ತಿದ್ದರು. ಬೀದಿಯಲ್ಲಿ ಮಗ್ಗದ ಸದ್ದು ನಿಂತಿತ್ತು. ನನಗೆ ಅಳು ಬರಲಿಲ್ಲ. ಬರಬೇಕೆಂದು ಕಾದೆ, ಬರಲಿಲ್ಲ.

ಹೊತ್ತೇರಿದ ಮೇಲೆ ಒಬ್ಬ ಮನುಷ್ಯ ಸಂಪಂಗಿ ಮಾಲೆ ಹಿಡಿದು ಬಂದ. ಮೊದಲು ಗುರುತು ಸಿಗಲಿಲ್ಲ. ಮೈ ಇಳಿದುಹೋಗಿತ್ತು, ಬೆರಳ ಸಂದಿಯ ಚರ್ಮವೆಲ್ಲ ಬ್ಲೀಚಿಂಗ್ ಪುಡಿ ತಿಂದು ಬೆಳ್ಳಗೆ ಬಿರಿದಿತ್ತು. ಮಾಲೆ ಹಾಕಿ, ಸಾರ್ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡು, ತಿರುಗಿದಾಗ ನನ್ನನ್ನು ಕಂಡ. ಮೋಲ್ಡರ್.

"ತಿರುಪ್ಪೂರಿಂದ ಮೊದಲ್ನೇ ಬಸ್ಸಿಗೆ ಬಂದೆ ಅಮ್ಮಣಿ. ಎಂಥಾ ಮನುಷ್ಯ! ಅವತ್ತು ನನ್ನನ್ನ ಎದುರಿಗೆ ಕೂರಿಸ್ಕೊಂಡು ಟೀ ಕೊಟ್ರು. ಫೌಂಡ್ರೀಲಿ ಯಾವನಾದ್ರೂ ಕೊಟ್ಟಿದ್ನಾ?"

"ಚೆನ್ನಾಗಿದೀರಾ ಅಣ್ಣಾ?" ಎಂದೆ. ಬೇರೇನು ಕೇಳಲಿ?

"ಇದೀನಿ. ಕತ್ತಿ ಹಾಕೋದು ನಿಲ್ಲಿಸ್ಬಿಟ್ಟೆ. ಸಾರ್ ಬೇಡ ಅಂದ್ರಲ್ಲ. ದಸರಾಗೆ ಈ ಬೀದಿ ಕಡೆ ಬರೋದೇ ಇಲ್ಲ, ಬಂದ್ರೆ ಕೈ ಸುಮ್ನಿರಲ್ಲ. ಸಾರೂ ಚಿಕ್ಕೋರಿದ್ದಾಗ ಹಾಕ್ತಿದ್ರಂತೆ, ಓದಿದ್ಮೇಲೆ ವ್ಯಾಧಿ ಅಂತ ತಿಳ್ಕೊಂಡು ಬಿಟ್ರಂತೆ. ಅವರಿಗೆ ಹೋಯ್ತು, ನನಗೆ ಇನ್ನೂ ಪೂರ್ತಿ ಹೋಗಿಲ್ಲ." ಅವನು ನನ್ನ ಹತ್ತಿರಕ್ಕೆ ಸರಿದ. "ಒಂದು ಕೇಳ್ಬೇಕು ಅಮ್ಮಣಿ. ಸಾರನ್ನೇ ಕೇಳೋಣ ಅಂತಿದ್ದೆ, ಅಷ್ಟ್ರಲ್ಲಿ ಹಿಂಗಾಯ್ತು. ಮಗ ಈಗ ಓಡಾಡ್ತಾನೆ. ಅಮ್ಮನ ಹಾಡು ಕೇಳಿದ್ರೆ ಕುಣೀತಾನೆ. ಈ ವ್ಯಾಧಿ ಅವನಿಗೂ ಇಳಿಯತ್ತಾ?"

ಇಷ್ಟು ಹೊತ್ತು ಬಾರದಿದ್ದ ಅಳು ಈಗ ಬಂತು. "ನಿಮಗೆ ಯಾವ ವ್ಯಾಧೀನೂ ಇಲ್ಲ ಅಣ್ಣಾ" ಎಂದೆ. "ಯಾವತ್ತೂ ಇರಲಿಲ್ಲ. ಸಾರ್ ಬರೆದದ್ದು ತಪ್ಪು. ಗೊತ್ತಿದ್ದೂ ತಪ್ಪು ಬರೆದ್ರು."

ಅವನು ಬೆಚ್ಚಿ ಸುತ್ತ ನೋಡಿದ. ಯಾರಾದರೂ ಕೇಳಿಸಿಕೊಂಡರೇನೋ ಎಂದು ನನ್ನನ್ನು ಗೋಡೆಯ ಬದಿಗೆ ಕರೆದುಕೊಂಡು ಹೋದ. ಅವನ ಮುಖದಲ್ಲಿ ಇದ್ದದ್ದು ಸಿಟ್ಟಲ್ಲ, ನನ್ನ ಮೇಲಿನ ಮರುಕ.

"ಅಂಗೆ ಹೇಳ್ಬೇಡಿ ಅಮ್ಮಣಿ. ಹೆಣ ಇನ್ನೂ ಬಾಗಿಲಲ್ಲೇ ಇದೆ" ಎಂದ. "ನಮ್ಮೋರಲ್ವಾ ಅವರು? ನಮ್ಮೋರಿಗೆ ಪೊಯ್ ಬರೀತಾರಾ?"